ಬಂಗಾರದ ಬೆಟ್ಟ ಎಲ್ಲಿದೆ? ರಾಮನಗರದಿಂದ ಸುವರ್ಣಗಿರಿಗೆ

ರಾಮದೇವರ ಬೆಟ್ಟ ಹತ್ತಿದ್ದೀರಾ? ನಿಮ್ಮ ಕಾಲಡಿಯ ಬಂಡೆಗೆ ಸುಮಾರು 250 ಕೋಟಿ ವರ್ಷ! ರಾಮನಗರದ ಹಳೆಯ ಹೆಸರು ಕ್ಲೋಸ್‌ಪೇಟೆ. ಅದಕ್ಕೇ ಭೂವಿಜ್ಞಾನಿಗಳು ಈ ಬಂಡೆಯನ್ನು ‘ಕ್ಲೋಸ್‌ಪೇಟೆ ಗ್ರಾನೈಟ್’ ಅಂತಾರೆ.

ಕನಕಪುರದ ಕಡೆಯಿಂದ ಈ ಕಲ್ಲಿನ ಪಟ್ಟಿ ಉತ್ತರಕ್ಕೆ ನೂರಾರು ಕಿಲೋಮೀಟರ್ ಚಾಚಿದೆ. ಕನಕ ಅಂದ್ರೆ ಚಿನ್ನ. ಆದ್ರೆ ನಮ್ಮ ನಾಡಿನ ಚಿನ್ನ ಅಡಗಿರೋದು ಈ ಗ್ರಾನೈಟಿಗಿಂತ ಹಳೆಯ ಶಿಲಾಪಟ್ಟಿಗಳಲ್ಲಿ: ಪೂರ್ವಕ್ಕೆ ಕೋಲಾರ, ಉತ್ತರಕ್ಕೆ ಹಟ್ಟಿ.

ರಾಯಚೂರು ಜಿಲ್ಲೆಯ ಹಟ್ಟಿಯಲ್ಲಿ ಸುಮಾರು 2,000 ವರ್ಷಗಳ ಹಿಂದೆಯೇ ಜನ ಬೆಂಕಿಯಿಂದ ಬಂಡೆ ಕಾಯಿಸಿ, ಸೀಳಿ, ಚಿನ್ನ ತೆಗೆದಿದ್ದರು.

ಇನ್ನು ಬಂಗಾರದ ಬೆಟ್ಟದ ಮಾತು: ಗ್ರೀಸಿನಲ್ಲಿ ಪಾಂಗಯಾನ್ ಬೆಟ್ಟದ ಚಿನ್ನ ಅಲೆಕ್ಸಾಂಡರನ ತಂದೆ ಫಿಲಿಪ್‌ನ ಬೊಕ್ಕಸ ತುಂಬಿತು. ನಮ್ಮಲ್ಲಿ? ಅಶೋಕನ ಕಾಲದ ದಕ್ಷಿಣದ ಆಡಳಿತ ಕೇಂದ್ರದ ಹೆಸರೇ ಸುವರ್ಣಗಿರಿ! ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ ಶಾಸನದಲ್ಲಿ ಆ ಹೆಸರಿದೆ. ಆ ಸುವರ್ಣಗಿರಿ ಇಂದಿನ ಮಸ್ಕಿ ಅಂತ ಕೆಲವು ವಿದ್ವಾಂಸರು, ಕನಕಗಿರಿ ಅಂತ ಇನ್ನು ಕೆಲವರು.

1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರಿರುವ ಶಾಸನ ಕಂಡವರು ಯಾರು ಗೊತ್ತಾ? ಗಣಿ ಎಂಜಿನಿಯರ್ ಬೀಡನ್. ಚಿನ್ನದ ನಾಡಿನಲ್ಲಿ ಅವರಿಗೆ ಚರಿತ್ರೆಯೇ ಸಿಕ್ಕಿತು!

ಮುಂದಿನ ಸಲ ರಾಮನಗರಕ್ಕೆ ಹೋದಾಗ ಬಂಡೆಯ ಮೇಲೆ ಹೆಸರು ಕೆತ್ತಬೇಡಿ. ಸುಮ್ಮನೆ ಮುಟ್ಟಿ ನೋಡಿ. ಆ ಕಲ್ಲೂ ನಮ್ಮ ಆಸ್ತಿಯೇ.