ಯೂಪಿಕ್ ಜನರ ಹಣ್ಣು ಸಂಗ್ರಹ

ಟಂಡ್ರಾದಲ್ಲಿ ಹಣ್ಣು ಸಂಗ್ರಹಿಸುವುದು ಅಲಾಸ್ಕಾದ ಯೂಕಾನ್–ಕಸ್ಕೊಕ್ವಿಮ್ ನದೀಮುಖಜ ಭೂಮಿಯ ಯೂಪಿಕ್ ಕುಟುಂಬಗಳ ಬೇಸಿಗೆಯ ಮುಖ್ಯ ಕೆಲಸಗಳಲ್ಲೊಂದು. ಇಲ್ಲಿನ ಜೌಗುನೆಲದಲ್ಲಿ ಜುಲೈ ಕೊನೆಯಿಂದ ಆಗಸ್ಟ್‌ವರೆಗೆ ಕ್ಲೌಡ್‌ಬೆರಿ (ರೂಬಸ್ ಕ್ಯಾಮಿಮೋರಸ್) ಮಾಗುತ್ತದೆ. ಸ್ಥಳೀಯರು ಇದನ್ನು ಸಾಲ್ಮನ್‌ಬೆರಿ ಎನ್ನುವುದರಿಂದ ಅದೇ ಹೆಸರಿನ ಬೇರೊಂದು ಸಸ್ಯದೊಡನೆ ಗೊಂದಲವಾಗುವುದುಂಟು. ಇದರ ಕಾಯಿ ಕೆಂಪು. ಮಾಗಿದಾಗ ಹೊಂಬಣ್ಣಕ್ಕೆ ತಿರುಗುತ್ತದೆ. ಒಂದು ಕಾಂಡಕ್ಕೆ ಒಂದೇ ಹಣ್ಣಾದ್ದರಿಂದ ಬಕೆಟ್ ತುಂಬಲು ಅಜ್ಜಿಯಿಂದ ಮೊಮ್ಮಕ್ಕಳವರೆಗೆ ಎಲ್ಲರೂ ದೋಣಿಯಲ್ಲಿ ಹೋಗಿ, ದಿನವಿಡೀ ಬಾಗಿ ಕೀಳಬೇಕಾಗುತ್ತದೆ. ಹೂ ಬಿಡುವ ಕಾಲದಲ್ಲಿ ಇಬ್ಬನಿ ಹೆಪ್ಪುಗಟ್ಟುವಷ್ಟು ಚಳಿಯಾದರೆ ಆ ವರ್ಷದ ಫಸಲು ಕೈತಪ್ಪಬಹುದು. ರಸ್ತೆ ಸಂಪರ್ಕವಿಲ್ಲದ ಹಳ್ಳಿಗಳಲ್ಲಿ ಅಂಗಡಿಯ ಹಣ್ಣು ಬಹಳ ದುಬಾರಿಯಾದ್ದರಿಂದ ಈ ನಷ್ಟ ಸಣ್ಣದಲ್ಲ. ಹೆಣ್ಣುಮಗು ಮೊದಲ ಬಾರಿಗೆ ಕಿತ್ತ ಹಣ್ಣನ್ನು ಹಿರಿಯರಿಗೆ ಕೊಡುವ ಸಂಪ್ರದಾಯವಿದೆ. ಉಳಿದ ಹಣ್ಣನ್ನು ಹೆಪ್ಪುಗಟ್ಟಿಸಿಟ್ಟು, ಚಳಿಗಾಲದಲ್ಲಿ ಕೊಬ್ಬು ಮತ್ತು ಸಕ್ಕರೆಯೊಡನೆ ಕಲಸಿ ‘ಅಕುತಕ್’ ಎಂಬ ಖಾದ್ಯವನ್ನು ತಯಾರಿಸುತ್ತಾರೆ. ಆ ಪದದ ಅರ್ಥವೇ ‘ಕಲಸಿದ್ದು’.