ಹೆಸರೇ ಆಜ್ಞೆಯಾದಾಗ

ಶ್ರೀನಿವಾಸಪುರದಿಂದ ಯಲ್ದೂರಿಗೆ ಹೋಗುವ ಬಸ್ಸನ್ನು ನೆನೆಯೋಣ. ನಿರ್ವಾಹಕನು ‘ರೈಟ್’ ಎಂದರೆ ಬಸ್ಸು ಹೊರಡುತ್ತದೆ. ‘ಹೋಲ್ಡಾನ್’ ಎಂದರೆ ನಿಲ್ಲುತ್ತದೆ. ಪ್ರಯಾಣಿಕರೊಬ್ಬರ ಹೆಸರೇ ‘ರೈಟ್’ ಎಂದಿದ್ದರೆ? ಅವರು ಇನ್ನೂ ಮೆಟ್ಟಿಲ ಮೇಲಿರುವಾಗಲೇ, ಚಿಲ್ಲರೆ ಕೊಡಲೆಂದು ನಿರ್ವಾಹಕನು ಹೆಸರು ಹಿಡಿದು ಕೂಗಿದರೆ, ಚಾಲಕನು ಗಾಡಿಯನ್ನು ಬಿಟ್ಟೇಬಿಡುತ್ತಾನೆ. ಆತನದೇನೂ ತಪ್ಪಿಲ್ಲ, ಆ ಪದವು ಅವನ ಪಾಲಿಗೆ ಆಜ್ಞೆ. ಗಣಕಯಂತ್ರದ ದತ್ತಸಂಗ್ರಹಗಳಲ್ಲಿ ಒದಗುವ ‘ಮೀಸಲು ಪದ’ಗಳ ತೊಡಕು ಇದೇ ಬಗೆಯದು.

ದತ್ತಸಂಗ್ರಹವೆಂದರೆ ಸಾಲು, ಅಂಕಣಗಳುಳ್ಳ ಕೋಷ್ಟಕಗಳ ಸಮೂಹ. ಅದರೊಡನೆ ವ್ಯವಹರಿಸಲು ಬಳಸುವ ಎಸ್‌ಕ್ಯೂಎಲ್ ಎಂಬ ಭಾಷೆಯನ್ನು 1974ರಲ್ಲಿ ಐಬಿಎಂ ಸಂಸ್ಥೆಯ ಚೇಂಬರ್ಲಿನ್ ಮತ್ತು ಬಾಯ್ಸ್ ಎಂಬಿಬ್ಬರು ಪ್ರಕಟಿಸಿದರು. ಇಂಗ್ಲಿಷ್ ಮಾತಿಗೆ ಹತ್ತಿರವಾಗಿರಲೆಂದು ‘ಸೆಲೆಕ್ಟ್’, ‘ಆರ್ಡರ್’, ‘ಗ್ರೂಪ್’ ಮುಂತಾದ ದಿನಬಳಕೆಯ ಪದಗಳನ್ನೇ ಆಜ್ಞೆಗಳನ್ನಾಗಿ ಮಾಡಲಾಯಿತು. ಆದುದರಿಂದ ಇಂತಹ ಪದಗಳನ್ನು ಕೋಷ್ಟಕಕ್ಕಾಗಲಿ ಅಂಕಣಕ್ಕಾಗಲಿ ಹೆಸರಾಗಿ ಇಡಕೂಡದು. (ಅರವತ್ತರ ದಶಕದ ‘ಪಿಎಲ್-ಒನ್’ ಎಂಬ ಭಾಷೆಯಲ್ಲಿ ಮೀಸಲು ಪದಗಳೇ ಇರಲಿಲ್ಲ. ‘ಇಫ್’ ಎಂಬ ಆಜ್ಞೆಯೊಳಗೆ ‘ಇಫ್’ ಎಂಬುದೇ ಒಂದು ಹೆಸರಾಗಿರಬಹುದಿತ್ತು. ಯಂತ್ರಕ್ಕೆ ಅದು ತಿಳಿಯುತ್ತಿತ್ತು. ಓದುವವನ ಪಾಡು ದೇವರಿಗೇ ಪ್ರೀತಿ.)

ಶ್ರೀನಿವಾಸಪುರ ತಾಲ್ಲೂಕು ಮಾವಿಗೆ ಹೆಸರಾದುದು. ಯಲ್ದೂರಿನಲ್ಲಿ ಮಾವಿನ ಮಂಡಿಯೊಂದು ತನ್ನ ಲೆಕ್ಕವನ್ನೆಲ್ಲ ಜಾಲತಾಣದ ಮೂಲಕ ನಡೆಸುತ್ತಿದೆಯೆಂದು ಭಾವಿಸೋಣ. ದತ್ತಸಂಗ್ರಹವು ‘ಮೈಎಸ್‌ಕ್ಯೂಎಲ್’ನ 5.7ನೆಯ ಆವೃತ್ತಿಯಲ್ಲಿದೆ. ಬೆಳೆಗಾರರ ಕೋಷ್ಟಕದ ಹೆಸರು ‘ಯೂಸರ್’. ಅವರ ತಂಡಗಳ ಕೋಷ್ಟಕ ‘ಗ್ರೂಪ್ಸ್’. ಹಣ್ಣಿನ ದರ್ಜೆಯನ್ನು ಬರೆಯುವ ಅಂಕಣ ‘ರ‍್ಯಾಂಕ್’. ಈ ಮೂರು ಹೆಸರುಗಳಿಂದಲೂ ಆ ಆವೃತ್ತಿಯಲ್ಲಿ ಬಾಧಕವಿಲ್ಲ.

ಆದರೆ 2018ರಲ್ಲಿ ಎಂಟನೆಯ ಆವೃತ್ತಿ ಬಂದಿತು. ಸಾಲುಗಳನ್ನು ಒಂದರೊಡನೊಂದು ಹೋಲಿಸಿ ಸ್ಥಾನ ನಿರ್ಣಯಿಸುವ ಹೊಸ ಸೌಕರ್ಯವು ಅದರೊಡನೆ ಬಂದಿತು. ಅದಕ್ಕಾಗಿ ‘ರ‍್ಯಾಂಕ್’, ‘ಗ್ರೂಪ್ಸ್’ ಎಂಬ ಪದಗಳು ಮೀಸಲಾದವು. ನಿನ್ನೆಯವರೆಗೆ ಹೆಸರಾಗಿದ್ದುದು ಇಂದು ಆಜ್ಞೆಯಾಯಿತು! ಹಳೆಯ ಆವೃತ್ತಿಯಲ್ಲೇ ಇದ್ದುಬಿಡೋಣವೆಂದರೆ, 2023ರ ಅಕ್ಟೋಬರಿನಲ್ಲಿ ಅದರ ಪೋಷಣೆಯೇ ನಿಂತುಹೋಯಿತು. ಲೋಕಪ್ರಸಿದ್ಧವಾದ ‘ದ್ರುಪಲ್’ ತಂತ್ರಾಂಶವೂ ಈ ಪೆಟ್ಟನ್ನು ತಿಂದಿದೆ: ಅದರ ಏಳನೆಯ ಆವೃತ್ತಿಯಲ್ಲಿ ‘ಸಿಸ್ಟಮ್’ ಎಂಬ ಕೋಷ್ಟಕವಿತ್ತು, ಆ ಪದವೂ ಮೀಸಲಾಯಿತು.

ಆಜ್ಞೆಯನ್ನು ಯಂತ್ರವು ತಿರಸ್ಕರಿಸಿ ತಪ್ಪನ್ನು ತೋರಿಸಿದರೆ ಅದು ಭಾಗ್ಯವೆಂದೇ ಹೇಳಬೇಕು. ಮೌನವಾಗಿ ತಪ್ಪುವ ಸಂದರ್ಭಗಳೇ ಭಯಂಕರವಾದವು. ನಮ್ಮ ಮಂಡಿಯು ‘ಪೋಸ್ಟ್‌ಗ್ರೆಸ್’ ಎಂಬ ಇನ್ನೊಂದು ದತ್ತಸಂಗ್ರಹಕ್ಕೆ ಸ್ಥಳಾಂತರಗೊಂಡಿತೆನ್ನಿ. ಅಲ್ಲಿ ‘ಯೂಸರ್’ ಎಂಬುದು ಮೀಸಲು ಪದ. ಈಗ ಯಂತ್ರವನ್ನು ಬಳಸುತ್ತಿರುವವನ ಹೆಸರು ಎಂದು ಅದರ ಅರ್ಥ. ಬೆಳೆಗಾರರು ಎಷ್ಟು ಮಂದಿ ಎಂದು ಕೇಳಿದರೆ, ನೂರಾರು ಜನರಿದ್ದರೂ ‘ಒಬ್ಬರು’ ಎಂಬ ಉತ್ತರ ಬರುತ್ತದೆ. ತಪ್ಪಾಯಿತೆಂಬ ಸೂಚನೆಯೇ ಇಲ್ಲ.

ಮೀಸಲು ಪದವನ್ನು ಹೆಸರಾಗಿ ಬಳಸಲೇಬೇಕಾದರೆ ಅದನ್ನು ಚಿಹ್ನೆಗಳ ನಡುವೆ ಇಡಬೇಕು. ಅಂತರರಾಷ್ಟ್ರೀಯ ಮಾನಕದ ಪ್ರಕಾರ ಜೋಡಿ ಉದ್ಧರಣ ಚಿಹ್ನೆ. ಪೋಸ್ಟ್‌ಗ್ರೆಸ್ ಅದನ್ನೇ ಅನುಸರಿಸುತ್ತದೆ. ಮೈಎಸ್‌ಕ್ಯೂಎಲ್ ಬಯಸುವುದು ಎಡಕ್ಕೆ ಓರೆಯಾದ ಒಂಟಿ ಗೀಟನ್ನು. ಮೈಕ್ರೋಸಾಫ್ಟಿನದು ಚೌಕ ಆವರಣವನ್ನೂ ಒಪ್ಪುತ್ತದೆ. ಒಂದರ ಚಿಹ್ನೆ ಇನ್ನೊಂದರಲ್ಲಿ ನಡೆಯುವುದೆಂದು ನಂಬಬಾರದು. ಜೋಡಿ ಚಿಹ್ನೆಯೊಳಗಿನ ‘ರ‍್ಯಾಂಕ್’ ಪೋಸ್ಟ್‌ಗ್ರೆಸ್‌ನಲ್ಲಿ ಅಂಕಣದ ಹೆಸರು. ಮೈಎಸ್‌ಕ್ಯೂಎಲ್‌ನ ಸಾಮಾನ್ಯ ಏರ್ಪಾಟಿನಲ್ಲಾದರೋ ಅದು ಬರಿಯ ಅಕ್ಷರಮಾಲೆ. ‘ರ‍್ಯಾಂಕ್ ಒಂದಾಗಿರುವ ಬೆಳೆಗಾರರ ಪಟ್ಟಿ’ಯನ್ನು ಹಾಗೆ ಕೇಳಿದರೆ, ಯಂತ್ರವು ಆ ಅಕ್ಷರಮಾಲೆಯನ್ನು ಸೊನ್ನೆಯೆಂದು ಎಣಿಸಿ, ಸೊನ್ನೆ ಒಂದಕ್ಕೆ ಸಮವಲ್ಲವಾದ ಕಾರಣ, ಖಾಲಿ ಪಟ್ಟಿಯನ್ನು ಕೊಡುತ್ತದೆ. ಮೊದಲ ದರ್ಜೆಯ ಹಣ್ಣು ತಂದ ರೈತನು ಅಂದು ಬರಿಗೈಯಲ್ಲಿ ಮನೆಗೆ ಹಿಂದಿರುಗಬೇಕಾದೀತು.

ಚಿಹ್ನೆಗಳ ಮೊರೆಹೋಗುವುದಕ್ಕಿಂತ ಹೆಸರನ್ನೇ ಬದಲಿಸುವುದು ಮೇಲೆಂದು ನಮ್ಮ ಅಭಿಪ್ರಾಯ. ‘ಯೂಸರ್’ ಎಂಬುದು ‘ಬೆಳೆಗಾರ’ವಾಗಲಿ, ‘ರ‍್ಯಾಂಕ್’ ಎಂಬುದು ‘ಹಣ್ಣಿನ ದರ್ಜೆ’ಯಾಗಲಿ; ಅರ್ಥವೂ ಸ್ಪಷ್ಟವಾದೀತು. ಯಾವ ಪದಗಳು ಮೀಸಲೆಂಬುದನ್ನು ಊಹಿಸಬೇಕಾಗಿಲ್ಲ. ಮೈಎಸ್‌ಕ್ಯೂಎಲ್‌ನ ಎಂಟನೆಯ ಆವೃತ್ತಿಯೂ ಪೋಸ್ಟ್‌ಗ್ರೆಸ್ಸೂ ತಮ್ಮ ಪದಪಟ್ಟಿಯನ್ನು ಕೇಳಿದರೆ ತಾವೇ ಒಪ್ಪಿಸುತ್ತವೆ. ಆ ಪಟ್ಟಿಯೊಡನೆ ನಮ್ಮ ಕೋಷ್ಟಕ, ಅಂಕಣಗಳ ಹೆಸರುಗಳನ್ನು ತಾಳೆ ನೋಡಿದರೆ ತೊಡಕಿನ ಹೆಸರುಗಳು ಹೊರಬೀಳುತ್ತವೆ.

ಹೆಸರಿನ ಬದಲಾವಣೆಯನ್ನು ಹಳೆಯ ದತ್ತಸಂಗ್ರಹದಲ್ಲಿಯೇ, ಸ್ಥಳಾಂತರಕ್ಕೆ ಮುನ್ನವೇ ಮಾಡಬೇಕು. ಎರಡು ಕೆಲಸಗಳನ್ನು ಒಂದೇ ರಾತ್ರಿ ಮಾಡಿದರೆ ತಪ್ಪು ಯಾವುದರಿಂದ ಬಂದಿತೆಂಬುದೇ ತಿಳಿಯದು. ತಂತ್ರಾಂಶವು ತಾನೇ ರಚಿಸುವ ಆಜ್ಞೆಗಳಲ್ಲಿ ಹೆಚ್ಚಿನ ಭಯವಿಲ್ಲ. ಯಾರೋ ಎಂದೋ ಕೈಯಲ್ಲಿ ಬರೆದಿಟ್ಟ ತಿಂಗಳ ವರದಿಗಳಲ್ಲಿಯೇ ಹಳೆಯ ಹೆಸರುಗಳು ಅಡಗಿರುತ್ತವೆ. ಅವನ್ನು ಒಂದೊಂದಾಗಿ ಹುಡುಕಿ ತಿದ್ದಿ, ಹಳೆಯ ಮತ್ತು ಹೊಸ ದತ್ತಸಂಗ್ರಹಗಳೆರಡರಲ್ಲಿಯೂ ಅದೇ ದಿನದ ಪಾವತಿ ಪಟ್ಟಿಯನ್ನು ತೆಗೆದು, ಸಾಲಿಗೆ ಸಾಲು ಹೊಂದುವುದೇ ಎಂದು ನೋಡಬೇಕು. ಮಾವಿನ ಸುಗ್ಗಿ ಮುಗಿದು ಮಂಡಿ ಬರಿದಾಗಿರುವ ತಿಂಗಳುಗಳೇ ಇದಕ್ಕೆ ತಕ್ಕ ಕಾಲ.