ಕಾರ್ಡು, ಕವರು ಮತ್ತು ಕಿಸೆಯ ಫೋನು

ಊರು ಬಿಟ್ಟು ಮುಂಬಯಿಗೆ ಬಂದ ನಮ್ಮವರಿಗೆ ಅಂಚೆ ಕಲಿಸಿದ ಪಾಠವೊಂದುಂಟು. ಕ್ಷೇಮ ಸಮಾಚಾರಕ್ಕೆ ಕಾರ್ಡು ಸಾಕು. ಸಾಲದ ಮಾತು, ತಂಗಿಯ ಸಂಬಂಧದ ಮಾತು ಇದ್ದರೆ ಅಂಟಿಸಿದ ಕವರೇ ಬೇಕು. ಹತ್ತು ಮಂದಿ ಮಲಗುವ ಖೋಲಿಯಲ್ಲಿ ಕಾರ್ಡನ್ನು ಯಾರು ಬೇಕಾದರೂ ಓದಬಹುದಷ್ಟೆ!

ಇಂದು ಪತ್ರದ ಸ್ಥಾನಕ್ಕೆ ಫೋನು ಬಂದಿದೆ. ಮನೆಗೆ ಕಳುಹಿಸಿದ ಹಣ, ನಡೆದ ದಾರಿ, ತಾಯಿಯ ಔಷಧದ ಚೀಟಿ ಎಲ್ಲವೂ ಅದರಲ್ಲಿವೆ. ನಾಡಿಯನ್ನೆಣಿಸುವ ಕೈಗಡಿಯಾರ, ಚಿತ್ರ ತೆಗೆಯುವ ಕನ್ನಡಕಗಳೂ ಹುಟ್ಟಿವೆ. ನಾಳೆ ಅಗ್ಗವಾಗಿ ನಮ್ಮ ಕೈಗೂ ಬಂದಾವು. ಅವು ಬರೆದಿಡುವುದು ಕಾರ್ಡಿನ ಮೇಲೋ, ಕವರಿನೊಳಗೋ ಎಂದು ಈಗಲೇ ವಿಚಾರಿಸುವುದು ಲೇಸು.

ಖಾಸಗಿತನವು ಸಿರಿವಂತರಿಗೆ ಮಾತ್ರ ಮೀಸಲಾದ ಸೊತ್ತಲ್ಲ. ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಾಧೀಶ ಕೆ. ಎಸ್. ಪುಟ್ಟಸ್ವಾಮಿಯವರು. ಆ ಮೊಕದ್ದಮೆಯಲ್ಲೇ 2017ರ ಆಗಸ್ಟ್ 24ರಂದು 9 ಮಂದಿ ನ್ಯಾಯಮೂರ್ತಿಗಳು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿದರು. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯಿದೆಯೂ ಆಯಿತು.

ಹಕ್ಕು ದೊರೆತರೆ ಸಾಲದು, ಬಳಸಲೂ ಬೇಕು. ಬಾಡಿಗೆಯ ಖೋಲಿಗೆಂದು ಆಧಾರ್ ಪ್ರತಿ ಕೇಳಿದರೆ, 12 ಅಂಕೆಗಳಲ್ಲಿ ಮೊದಲ 8ನ್ನು ಮರೆಮಾಡಿದ ಪ್ರತಿಯನ್ನು ಕೊಡಬಹುದು. ಪ್ರಾಧಿಕಾರವೇ ಅದನ್ನು ಒದಗಿಸುತ್ತದೆ. ಬ್ಯಾಂಕಿನ ಒಟಿಪಿಯನ್ನು ಯಾರಿಗೂ ಹೇಳಬಾರದು. ಟಾರ್ಚಿನ ಆ್ಯಪು ನಮ್ಮ ಬಂಧುಗಳ ನಂಬರುಗಳನ್ನು ಕೇಳಿದರೆ ಕೂಡದೆನ್ನಬೇಕು.

ಹೊಟ್ಟೆಪಾಡಿಗಾಗಿ ನಾವು ದುಡಿಮೆಯನ್ನು ಮಾರುತ್ತೇವೆ. ಮನೆಯ ಮಾತನ್ನು ಮಾರಿದವರಲ್ಲ.